ಟಿಪ್ಪುವಿನ ಸೋದರಳಿಯ

ಎಪ್ಪತ್ತು ದಾಟಿದವನ ಕೈಯಲ್ಲಿ ಭಗವದ್ಗೀತೆಯಿದ್ದರೆ ಮನೆಗೆ ಬಂದವರು ಏನೂ ಅನ್ನುವುದಿಲ್ಲ. ಮಂಗಳಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬಂದ ಕಥೆಯಿದ್ದರೆ ಮಾತ್ರ ಒಮ್ಮೆ ಪುಸ್ತಕವನ್ನೂ ಒಮ್ಮೆ ಮುಖವನ್ನೂ ನೋಡುತ್ತಾರೆ. "ಮೊಮ್ಮಗನದೋ?" ಎಂದು ಕೇಳಿದವರೂ ಉಂಟು. ಅಲ್ಲ, ನನ್ನದೇ. ಹನ್ನೆರಡನೆಯ ವಯಸ್ಸಿನಲ್ಲಿ ಹತ್ತಿದ ಚಟ. ನಶ್ಯ ಬಿಟ್ಟೆ, ಕಾಫಿಯನ್ನು ದಿನಕ್ಕೆ ಎರಡು ಲೋಟಕ್ಕೆ ಇಳಿಸಿದೆ, ಇದೊಂದನ್ನು ಬಿಡಲಾಗಲಿಲ್ಲ.

ಈ ಬಗೆಯ ಕಾದಂಬರಿಗಳನ್ನು ನಾಳಿನ ಕಥೆಗಳೆಂದು ಕರೆಯುವುದು ವಾಡಿಕೆ. ಚಂದ್ರಲೋಕಕ್ಕೆ ಹೋಗುತ್ತೇವೆಂದು ಬರೆದರು, ಹೋದೆವು, ನೀರಿನೊಳಗೆ ಹಡಗು ಸಂಚರಿಸುತ್ತದೆಂದು ಬರೆದರು, ಸಂಚರಿಸಿತು, ಎಂಥ ದೂರದೃಷ್ಟಿ! ಎಂದು ಮೆಚ್ಚುವವರೇ ಹೆಚ್ಚು. ಇದು ಜೋಯಿಸರನ್ನು ಮೆಚ್ಚುವ ರೀತಿ. ನಾನೂ ಬಹುಕಾಲ ಹೀಗೆಯೇ ಮೆಚ್ಚಿದವನು. ಈಗ ಅವುಗಳನ್ನು ಹಳೆಯ ದಫ್ತರವನ್ನು ಓದುವಂತೆ ಓದುತ್ತೇನೆ. ಹೀಗೇಕಾಯಿತೆಂದು ತಿಳಿಸಲು ಒಂದು ಪುಸ್ತಕದ ಕಥೆಯನ್ನು ಹೇಳಿದರೆ ಸಾಕು. ಪುಸ್ತಕದೊಳಗಿನ ಕಥೆಗಿಂತ ಹೆಚ್ಚಾಗಿ, ಪುಸ್ತಕಕ್ಕೆ ಒದಗಿದ ಕಥೆ.

1962ರ ಬೇಸಿಗೆಯ ರಜ. ಮೈಸೂರಿನಲ್ಲಿ ನನ್ನ ಸೋದರಮಾವನ ಮನೆ. ಮಾವ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟರು. ಕೋಟಿನ ಜೇಬಿನಲ್ಲಿ ಸದಾ ಒಂದು ಕೆಂಪು-ನೀಲಿ ಪೆನ್ಸಿಲು. ಅಟ್ಟದ ಮೇಲಿದ್ದ ಅವರ ಟ್ರಂಕನ್ನು ಕೆದಕುವಾಗ ರಟ್ಟು ಹರಿದು, ಮೊದಲ ಹಲವು ಹಾಳೆಗಳೂ ಕಳೆದುಹೋಗಿದ್ದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಪುಟಗಳ ನೆತ್ತಿಯ ಮೇಲೆ 'ದಿ ಮಿಸ್ಟೀರಿಯಸ್ ಐಲೆಂಡ್' ಎಂದು ಹೆಸರಿತ್ತು. ಬರೆದವನು ಜೂಲ್ಸ್ ವರ್ನ್ ಎಂಬ ಫ್ರೆಂಚಿನವನೆಂದು ಮಾವನೇ ಹೇಳಿದರು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ತಿಳಿದಷ್ಟು ತಿಳಿದು, ತಿಳಿಯದ್ದನ್ನು ಊಹಿಸಿಕೊಂಡು ಇಪ್ಪತ್ತು ದಿನ ಓದಿದೆ.

ಅಮೆರಿಕದ ಅಂತರ್ಯುದ್ಧದ ಕೊನೆಗಾಲ, 1865ರ ಮಾರ್ಚಿ. ಮುತ್ತಿಗೆಗೆ ಸಿಕ್ಕಿದ ರಿಚ್ಮಂಡ್ ಪಟ್ಟಣದಿಂದ ಐವರು ಒಂದು ಬೆಲೂನಿನಲ್ಲಿ ತಪ್ಪಿಸಿಕೊಂಡು, ಬಿರುಗಾಳಿಗೆ ಸಿಕ್ಕಿ, ಪೆಸಿಫಿಕ್ ಸಾಗರದ ಯಾವುದೋ ನಿರ್ಜನ ದ್ವೀಪದಲ್ಲಿ ಬೀಳುತ್ತಾರೆ. ಕೈಯಲ್ಲಿ ಏನೂ ಇಲ್ಲ. ಇಬ್ಬರ ಗಡಿಯಾರದ ಗಾಜುಗಳನ್ನು ಜೋಡಿಸಿ, ನಡುವೆ ನೀರು ತುಂಬಿ, ಬಿಸಿಲಿನಿಂದ ಬೆಂಕಿ ಮಾಡುತ್ತಾರೆ. ಹುಡುಗನೊಬ್ಬನ ಅಂಗಿಯ ಒಳಪದರದಲ್ಲಿ ಸಿಕ್ಕಿದ ಒಂದೇ ಒಂದು ಗೋಧಿಯ ಕಾಳನ್ನು ಬಿತ್ತಿ, ಅದರಿಂದ ಪೈರು, ಪೈರಿನಿಂದ ಹೊಲ. ಇಟ್ಟಿಗೆ ಸುಟ್ಟರು, ಕಬ್ಬಿಣ ಕಾಸಿದರು, ತಂತಿಯ ವರ್ತಮಾನವನ್ನೂ ಏರ್ಪಡಿಸಿಕೊಂಡರು. ಇದನ್ನೆಲ್ಲ ಓದಿ ನಾನು ಅತ್ತೆಯ ಗೋಧಿಯ ಡಬ್ಬಿಯಿಂದ ಒಂದು ಕಾಳನ್ನು ಕದ್ದು ಹಿತ್ತಿಲಲ್ಲಿ ನೆಟ್ಟೆ. ಅದನ್ನು ಕೋಳಿ ತಿಂದಿತು.

ಈ ಐವರಿಗೆ ಸಂಕಟ ಬಂದಾಗಲೆಲ್ಲ ಕಾಣದ ಕೈಯೊಂದು ಸಹಾಯ ಮಾಡುತ್ತಿರುತ್ತದೆ. ಸಾಮಾನು ತುಂಬಿದ ಪೆಟ್ಟಿಗೆ ದಡಕ್ಕೆ ತೇಲಿ ಬರುತ್ತದೆ. ಹುಡುಗ ಜ್ವರದಿಂದ ಸಾಯುವಂತಾದಾಗ ಕ್ವಿನೀನು ಮೇಜಿನ ಮೇಲೆ ಬಂದು ಕೂತಿರುತ್ತದೆ. ಆ ಕೈ ಯಾರದೆಂಬುದು ಕೊನೆಯಲ್ಲಿ ಗೊತ್ತಾಗುತ್ತದೆ. ದ್ವೀಪದ ಕೆಳಗಿನ ಗವಿಯಲ್ಲಿ ಒಂದು ಜಲಾಂತರ್ಗಾಮಿ ನೌಕೆ. ಅದರೊಳಗೆ ಬಿಳಿಯ ಗಡ್ಡದ ಮುದುಕನೊಬ್ಬ, ಒಂಟಿ, ಮರಣೋನ್ಮುಖಿ. ಕ್ಯಾಪ್ಟನ್ ನೆಮೊ. ಅವನ ನಿಜವಾದ ಹೆಸರು ರಾಜಕುಮಾರ ಡಕ್ಕಾರ್. ಬುಂದೇಲಖಂಡದ ರಾಜನ ಮಗ. ಭಾರತೀಯ!

ನಾನು ಪುಸ್ತಕವನ್ನೆತ್ತಿಕೊಂಡು ಜಗಲಿಗೆ ಓಡಿದೆ. "ಮಾವ, ನೆಮೊ ನಮ್ಮವನು!"

ಮಾವ ವೃತ್ತಪತ್ರಿಕೆಯನ್ನು ಮಡಿಸಿಟ್ಟು ಆ ಎರಡು ಪುಟಗಳನ್ನು ಓದಿದರು. ಮತ್ತೊಮ್ಮೆ ಓದಿದರು. ನಾನು ಎಣಿಸಿದ್ದಂತೆ ಅವರು ಹಿಗ್ಗಲಿಲ್ಲ.

"ಬರೆದವನು ಫ್ರೆಂಚಿನವನು ತಾನೆ?"

"ಹೌದು ಮಾವ, ನೀವೇ ಹೇಳಿದಿರಿ."

"ಹಾಗಾದರೆ ಇಲ್ಲಿ ಮಾತಾಡ್ತಾ ಇರೋನು ಯಾರೋ?"

ಆ ಪುಟದಲ್ಲಿದ್ದುದರ ಸಾರಾಂಶ ಇಷ್ಟು. ಹೀನಸ್ಥಿತಿಗೆ ಬಂದಿದ್ದ ತನ್ನ ದೇಶವನ್ನು ಯೂರೋಪಿನ ಮಟ್ಟಕ್ಕೆ ಎತ್ತಲೆಂದು ತಂದೆ ಅವನನ್ನು ಹತ್ತನೆಯ ವಯಸ್ಸಿನಲ್ಲಿ ಯೂರೋಪಿಗೆ ಓದಲು ಕಳಿಸಿದ. 1857ರಲ್ಲಿ ಮಹತ್ವಾಕಾಂಕ್ಷೆಯ ಕೆಲವು ದೊರೆಗಳು ಅಜ್ಞಾನಿಗಳಾದ ಜನರನ್ನು ಎತ್ತಿಕಟ್ಟಿದರು. ಅರಾಜಕತೆಯಿಂದ ದೇಶವನ್ನು ಬಿಡಿಸಿ ಶಾಂತಿ ಸಮೃದ್ಧಿಗಳನ್ನು ತಂದ ಇಂಗ್ಲಿಷರ ಮೇಲೆ ಆ ಜನ ದಂಗೆಯೆದ್ದರು. ಡಕ್ಕಾರನೂ ಅದರಲ್ಲಿ ಸೇರಿ ಸೋತ. ಸೋತು ಸಮುದ್ರದೊಳಗೆ ಹೊಕ್ಕ.

"ಇಂಗ್ಲಿಷರು ಇಷ್ಟೆಲ್ಲ ಒಳ್ಳೇದು ಮಾಡಿದ್ದರೆ ಈ ಮನುಷ್ಯ ನೀರಿನ ಕೆಳಗೆ ಹೋಗಿ ಯಾಕೆ ಕೂತ?" ಎಂದರು ಮಾವ. ಪುಸ್ತಕದಲ್ಲಿ ಇರುವುದೇ ಹಾಗೆ ಎಂದೆ ನಾನು. ಅಚ್ಚಾದ ಮಾತಿಗೆ ಎದುರಾಡುವುದುಂಟೇ ಎಂದು ನನ್ನ ಭಾವನೆ. ಅವರು ಜೇಬಿನಿಂದ ಪೆನ್ಸಿಲು ತೆಗೆದು, ನೀಲಿಯ ತುದಿಯಿಂದ ಅಂಚಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ ಪುಸ್ತಕವನ್ನು ಹಿಂದಕ್ಕೆ ಕೊಟ್ಟರು.

ಮುಂದಿನ ಭಾನುವಾರ, ಪ್ರತಿ ರಜದಲ್ಲೂ ಮಾಡುತ್ತಿದ್ದಂತೆ, ನನ್ನನ್ನು ರೈಲಿನಲ್ಲಿ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದರು. ಮೈಸೂರಿನಿಂದ ಎಷ್ಟು ಮಹಾ ದೂರ! ಕೋಟೆಯ ಉತ್ತರದ ಗೋಡೆಯ ಬಳಿ, 1799ರ ಮೇ 4ರಂದು ಟಿಪ್ಪುವಿನ ದೇಹ ಸಿಕ್ಕಿದ ಜಾಗದಲ್ಲಿ, ಮಾವ ಟೋಪಿ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ನಾನು ಹಿಂದಿನ ದಿನ ಓದಿದ ಪುಟಕ್ಕೂ ಆ ಕಲ್ಲಿಗೂ ಸಂಬಂಧವಿದೆಯೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವ ದಾರಿಯೂ ಇರಲಿಲ್ಲ.

ಕಾಲೇಜಿಗೆ ಬಂದ ಮೇಲೆ ನೆಮೊವಿನ ಹಿಂದಿನ ಕಥೆಯನ್ನು, ಎಂದರೆ 1869-70ರಲ್ಲಿ ಧಾರಾವಾಹಿಯಾಗಿ ಬಂದ 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ' ಎಂಬುದನ್ನು ಓದಿದೆ. ಇಪ್ಪತ್ತು ಸಾವಿರ ಲೀಗು ಎಂಬುದು ಸಮುದ್ರದ ಆಳವೆಂದು ಅನೇಕರು ತಿಳಿದಿದ್ದಾರೆ. ಅದು ನೀರೊಳಗೆ ನೌಕೆ ಕ್ರಮಿಸಿದ ದೂರ. ಸುಮಾರು ಎಂಬತ್ತು ಸಾವಿರ ಕಿಲೋಮೀಟರು, ಭೂಮಿಗೆ ಎರಡು ಪ್ರದಕ್ಷಿಣೆ. ಅಷ್ಟು ಆಳಕ್ಕೆ ಇಳಿದರೆ ಭೂಮಿಯನ್ನು ತೂತು ಮಾಡಿಕೊಂಡು ಎಲ್ಲೋ ಆಕಾಶಕ್ಕೆ ಬೀಳಬೇಕಾಗುತ್ತದೆ.

ಆ ಪುಸ್ತಕದಲ್ಲಿ ನೆಮೊ ಯಾರೆಂಬುದನ್ನು ವರ್ನ್ ಹೇಳುವುದೇ ಇಲ್ಲ. ನೆಮೊ ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ಯಾರೂ ಅಲ್ಲ' ಎಂದೇ ಅರ್ಥ. ಆದರೆ ಸುಳಿವುಗಳನ್ನು ಚೆಲ್ಲಿದ್ದಾನೆ. ಸಿಂಹಳದ ಹತ್ತಿರ ಮುತ್ತು ತೆಗೆಯಲು ಮುಳುಗಿದ ಬಡವನೊಬ್ಬನನ್ನು ನೆಮೊ ಷಾರ್ಕಿನ ಬಾಯಿಂದ ಬಿಡಿಸಿ, ಮುತ್ತಿನ ಚೀಲವನ್ನೇ ಕೈಗಿತ್ತು ಕಳಿಸುತ್ತಾನೆ. ತುಳಿತಕ್ಕೆ ಸಿಕ್ಕವರ ದೇಶ ಅವನದು, ಕೊನೆಯುಸಿರಿನವರೆಗೂ ನನ್ನದೂ ಅದೇ, ಎಂಬರ್ಥದ ಮಾತಾಡುತ್ತಾನೆ. 1702ರಲ್ಲಿ ಸ್ಪೇನಿನ ವೀಗೊ ಕೊಲ್ಲಿಯಲ್ಲಿ ಮುಳುಗಿದ ಹಡಗುಗಳ ಚಿನ್ನವನ್ನೆತ್ತುತ್ತಾನೆ. ತುರ್ಕರ ವಿರುದ್ಧ ದಂಗೆಯೆದ್ದ ಕ್ರೀಟ್ ದ್ವೀಪದವರಿಗೆ ಚಿನ್ನ ಕಳಿಸುತ್ತಾನೆ. ಅವನ ಕೋಣೆಯ ಗೋಡೆಯ ಮೇಲೆ ಪೋಲೆಂಡಿನ ಕೊಸ್ಯೂಸ್ಕೊ, ಐರ್ಲೆಂಡಿನ ಓಕಾನೆಲ್, ಅಮೆರಿಕದ ವಾಷಿಂಗ್ಟನ್, ಲಿಂಕನ್, ಗುಲಾಮರಿಗಾಗಿ ಗಲ್ಲಿಗೇರಿದ ಜಾನ್ ಬ್ರೌನ್ ಮೊದಲಾದವರ ಚಿತ್ರಗಳು. ಕೊನೆಯಲ್ಲಿ ಒಂದು ಯುದ್ಧನೌಕೆ ಬೆನ್ನಟ್ಟಿ ಬರುತ್ತದೆ. ಅದು ಯಾವ ದೇಶದ್ದೆಂದು ವರ್ನ್ ಹೇಳುವುದಿಲ್ಲ. ನೆಮೊ ಅದನ್ನು ಜನಸಮೇತ ಮುಳುಗಿಸುತ್ತಾನೆ. ಮುಳುಗಿಸಿ, ಹೆಂಡತಿ ಮಕ್ಕಳ ಚಿತ್ರದ ಮುಂದೆ ಮೊಣಕಾಲೂರಿ ಅಳುತ್ತಾನೆ.

ಈ ಅಳು ನನ್ನನ್ನು ಬಹಳ ದಿನ ಕಾಡಿತು. ಮುಳುಗಿದ ಹಡಗು ಯಾರದು? ಸತ್ತ ಹೆಂಡತಿ ಮಕ್ಕಳನ್ನು ಕೊಂದವರು ಯಾರು? 1954ರ ಅಮೆರಿಕದ ಚಲನಚಿತ್ರವನ್ನು ನಾನು ತಡವಾಗಿ ಬೆಂಗಳೂರಿನಲ್ಲಿ ನೋಡಿದೆ. ಜೇಮ್ಸ್ ಮೇಸನ್ ಎಂಬ ಇಂಗ್ಲಿಷ್ ನಟ ನೆಮೊ ಆಗಿದ್ದ. ಸೊಗಸಾಗಿಯೇ ಅಭಿನಯಿಸಿದ್ದಾನೆ. ಆದರೆ ಬುಂದೇಲಖಂಡದ ಸುದ್ದಿಯೇ ಇಲ್ಲ. ಮಾವನಿಗೆ ಕಾಗದ ಬರೆದೆ. "ನಿನ್ನ ನೆಮೊ ಈಗ ಇಂಗ್ಲಿಷರವನೇ ಆಗಿಬಿಟ್ಟನಲ್ಲ" ಎಂದು ಉತ್ತರ ಬಂತು. 1984ರಲ್ಲಿ ಮಾವ ತೀರಿಕೊಂಡರು. ಹದಿಮೂರನೆಯ ದಿನ ಅತ್ತೆ ನನಗೆ ಬೇಕಾದ್ದನ್ನು ತೆಗೆದುಕೋ ಎಂದಾಗ ನಾನು ಆ ರಟ್ಟಿಲ್ಲದ ಪುಸ್ತಕವನ್ನು ತಂದುಕೊಂಡೆ.

ಇಪ್ಪತ್ತು ವರ್ಷ ಕಳೆದವು. 2004ರಲ್ಲಿ ಅಮೆರಿಕದಿಂದ ಬಂದ ಮಗಳು, ಅಪ್ಪನ ಹುಚ್ಚನ್ನು ಬಲ್ಲವಳಾದ್ದರಿಂದ, ಅದೇ ಕಾದಂಬರಿಯ ಹೊಸ ಇಂಗ್ಲಿಷ್ ಅನುವಾದವೊಂದನ್ನು ತಂದಳು. ಸಿಡ್ನಿ ಕ್ರಾವಿಟ್ಸ್ ಮಾಡಿದ್ದು, 2001ರಲ್ಲಿ ಅಚ್ಚಾದದ್ದು. ಮೂಲದ ಒಂದು ಮಾತನ್ನೂ ಬಿಟ್ಟಿಲ್ಲವೆಂಬ ಅದರ ಹೆಗ್ಗಳಿಕೆಯನ್ನು ನೋಡಿ, ಹಳೆಯದರಲ್ಲಿ ಬಿಟ್ಟಿದ್ದಾದರೂ ಏನು ಎಂದು ಕುತೂಹಲವಾಯಿತು. ನೇರವಾಗಿ ನೆಮೊವಿನ ಮರಣಶಯ್ಯೆಯ ಅಧ್ಯಾಯವನ್ನು ತೆಗೆದೆ. ಡಕ್ಕಾರ್, ಬುಂದೇಲಖಂಡದ ರಾಜನ ಮಗ, ಎಂಬಲ್ಲಿಗೆ ನನ್ನ ಹಳೆಯ ಪುಸ್ತಕದಲ್ಲಿ ವಾಕ್ಯ ಮುಗಿದಿತ್ತು. ಇಲ್ಲಿ ಮುಗಿದಿರಲಿಲ್ಲ. ಅವನು ಭಾರತದ ವೀರ ಟಿಪ್ಪೂ ಸಾಹೇಬನ ಸಂಬಂಧಿ ಎಂದು ಮುಂದುವರಿದಿತ್ತು.

ಊಟದ ಮೇಜಿನ ಮೇಲೆ ಎರಡು ಪುಸ್ತಕಗಳನ್ನೂ ಅಕ್ಕಪಕ್ಕ ಹರಡಿ, ಸಾಲಿಗೆ ಸಾಲು ಇಟ್ಟು ಕೂತೆ. ಹಳೆಯದರಲ್ಲಿ ತಂದೆ ಮಗನನ್ನು ಯೂರೋಪಿಗೆ ಕಳಿಸಿದ್ದು ದೇಶವನ್ನು ಉದ್ಧರಿಸಲು; ಮೂಲದಲ್ಲಿ ಕಳಿಸಿದ್ದು, ದೇಶವನ್ನು ತುಳಿದವರೊಡನೆ ಒಂದು ದಿನ ಸಮಾನವಾದ ಆಯುಧಗಳಿಂದ ಹೋರಾಡಲೆಂಬ ಗುಟ್ಟಿನ ಆಸೆಯಿಂದ. ಹಳೆಯದರಲ್ಲಿ ಅವನಿಗೆ ಬರಿಯ ಮಹತ್ವಾಕಾಂಕ್ಷೆ. ಮೂಲದಲ್ಲಿ ಅವನು ಯೂರೋಪನ್ನೆಲ್ಲ ಸುತ್ತಿಯೂ ಇಂಗ್ಲೆಂಡಿನ ನೆಲವನ್ನು ಮಾತ್ರ ಮೆಟ್ಟುವುದಿಲ್ಲ, ಕೆಲವು ವಿಷಯಗಳಲ್ಲಿ ಆ ದೇಶವನ್ನು ಮೆಚ್ಚುತ್ತಿದ್ದುದರಿಂದಲೇ ಅದನ್ನು ಇನ್ನಷ್ಟು ದ್ವೇಷಿಸುತ್ತಾನೆ. (ಇದೊಂದು ಮಾತಿಗಾಗಿ ವರ್ನ್‌ಗೆ ಕೈಮುಗಿಯಬಹುದು, ನಮ್ಮ ಹಿರಿಯರಲ್ಲಿ ಎಷ್ಟು ಮಂದಿಯ ಮನಸ್ಸು ಹೀಗಿರಲಿಲ್ಲ!) ಹಳೆಯದರಲ್ಲಿ 1857 ಎಂಬುದು ಮೋಸಹೋದ ಮೂಢರ ಗಲಭೆ, ಮೂಲದಲ್ಲಿ ಡಕ್ಕಾರನೇ ಅದರ ಆತ್ಮ, ಮೊದಲ ಸಾಲಿನಲ್ಲಿ ನಿಂತು ಹತ್ತು ಸಲ ಗಾಯಗೊಂಡವನು, ಹೊರಗಿನ ನೆರವು ಸಿಕ್ಕಿದ್ದರೆ ಇಂಗ್ಲಿಷರ ಆಳ್ವಿಕೆ ಅಲ್ಲಿಗೆ ಮುಗಿಯುತ್ತಿತ್ತೇನೋ ಎಂಬ ಧಾಟಿಯಲ್ಲಿದೆ. ಮಾವನ ಪ್ರಶ್ನೆಚಿಹ್ನೆ ಇದ್ದುದು ಸರಿಯಾಗಿ ಆ ಸಾಲುಗಳ ಪಕ್ಕದಲ್ಲಿ.

ಆ ಹಳೆಯ ಅನುವಾದ 1875ರ ಲಂಡನ್ನಿನದು. ಮೇಲಿನ ಹೆಸರು ಡಬ್ಲ್ಯು. ಎಚ್. ಜಿ. ಕಿಂಗ್‌ಸ್ಟನ್, ಹುಡುಗರಿಗಾಗಿ ಸಮುದ್ರದ ಸಾಹಸಕಥೆಗಳನ್ನು ಬರೆದು ಹೆಸರಾಗಿದ್ದವನು. ಅನುವಾದದ ಕೆಲಸ ಮಾಡಿದವಳು ಫ್ರೆಂಚ್ ಬಲ್ಲ ಅವನ ಹೆಂಡತಿ ಆಗ್ನೆಸ್ ಎಂದು ವಿದ್ವಾಂಸರು ತೋರಿಸಿದ್ದಾರೆ. ಕಥಾನಾಯಕ ಸೈರಸ್ ಸ್ಮಿತ್ ಎಂಬ ಎಂಜಿನಿಯರನ ಹೆಸರನ್ನು ಕೂಡ ಹಾರ್ಡಿಂಗ್ ಎಂದು ಬದಲಿಸಿದ್ದರು. ಹಿಂದಿನ ಕಾದಂಬರಿಯ ಗತಿಯೂ ಅಷ್ಟೆ. ಮರ್ಸಿಯರ್ ಎಂಬ ಪಾದ್ರಿ 1872ರಲ್ಲಿ ಮಾಡಿದ ಅದರ ಇಂಗ್ಲಿಷ್ ಅನುವಾದದಲ್ಲಿ ಸುಮಾರು ಐದರಲ್ಲೊಂದು ಪಾಲು ಮಾಯವಾಗಿತ್ತು. ಉಳಿದಿದ್ದರಲ್ಲೂ ತಮಾಷೆಗಳು: ನೆಬ್ರಾಸ್ಕದಲ್ಲಿ 'ಬ್ಯಾಡ್‌ಲ್ಯಾಂಡ್ಸ್' ಎಂಬ ಹೆಸರಿನ ಕೊರಕಲು ಸೀಮೆಯೊಂದಿದೆ, ಆತ ಅದು ಊರ ಹೆಸರೆಂದು ತಿಳಿಯದೆ, ಹಿತವಲ್ಲದ ಪ್ರದೇಶವೆಂದು ಅರ್ಥ ಮಾಡಿಟ್ಟ. 1965ರಲ್ಲಿ ವಾಲ್ಟರ್ ಜೇಮ್ಸ್ ಮಿಲ್ಲರ್ ಎಂಬ ಅಮೆರಿಕದ ಪ್ರಾಧ್ಯಾಪಕ ಇದನ್ನೆಲ್ಲ ಬಯಲಿಗೆಳೆಯುವ ತನಕ, ತೊಂಬತ್ತು ವರ್ಷ, ಇಂಗ್ಲಿಷ್ ಓದುಗರು ವರ್ನ್‌ನನ್ನು ಹುಡುಗರ ಲೇಖಕನೆಂದು ತಿಳಿದು ಸುಮ್ಮನಿದ್ದರು. ಇಂಗ್ಲಿಷಿನ ಮೂಲಕ ಓದಿದ ನಾವೂ ಹಾಗೆಯೇ ತಿಳಿದೆವು.

ಇಂಗ್ಲಿಷರನ್ನೇ ಬೈದು ಕೂರುವಂತೆಯೂ ಇಲ್ಲ. ಮೊದಲ ಕತ್ತರಿ ಆಡಿದ್ದು ಪ್ಯಾರಿಸ್ಸಿನಲ್ಲಿ. ವರ್ನ್ ಮೊದಲು ಕಲ್ಪಿಸಿದ್ದ ನೆಮೊ ಭಾರತದವನೇ ಅಲ್ಲ, ಪೋಲೆಂಡಿನ ಕುಲೀನ. ರಷ್ಯದ ಆಳ್ವಿಕೆಯ ವಿರುದ್ಧ ಪೋಲರು 1863ರಲ್ಲಿ ದಂಗೆಯೆದ್ದಿದ್ದರು. ರಷ್ಯ ಅದನ್ನು ಅತಿ ಕ್ರೂರವಾಗಿ ಅಡಗಿಸಿತು. ಹೆಂಡತಿ, ಹೆಣ್ಣುಮಕ್ಕಳು, ತಂದೆ ಎಲ್ಲರನ್ನೂ ಕಳೆದುಕೊಂಡ ಪೋಲೆಂಡಿನವನೊಬ್ಬ ರಷ್ಯದ ಯುದ್ಧನೌಕೆಯನ್ನು ಮುಳುಗಿಸಿದರೆ ಓದುಗ ಯಾಕೆಂದು ಕೇಳುವುದಿಲ್ಲ ಎಂಬುದು ವರ್ನ್‌ನ ವಾದ. ಅವನ ಪ್ರಕಾಶಕ ಎಟ್ಜೆಲ್ ಒಪ್ಪಲಿಲ್ಲ. ವರ್ನ್‌ನ ಪುಸ್ತಕಗಳು ರಷ್ಯದಲ್ಲಿ ಚೆನ್ನಾಗಿ ಖರ್ಚಾಗುತ್ತಿದ್ದವು. ನೆಮೊವನ್ನು ಗುಲಾಮರ ವ್ಯಾಪಾರ ಮಾಡುವ ಹಡಗುಗಳ ವೈರಿಯನ್ನಾಗಿ ಮಾಡು ಎಂದು ಸಲಹೆ ಕೊಟ್ಟ. ವರ್ನ್ ಅದಕ್ಕೆ ಒಪ್ಪಲಿಲ್ಲ. ಕಾಗದಗಳು ಹೋಗಿ ಬಂದು, ಕೊನೆಗೆ ಯಾರದೂ ಅಲ್ಲದ ಹಡಗು, ಯಾವ ದೇಶದವನೂ ಅಲ್ಲದ ನೆಮೊ ಎಂದು ರಾಜಿಯಾಯಿತು. ಕಾಲೇಜಿನಲ್ಲಿ ನಾನು ಎಷ್ಟೋ ರಾತ್ರಿ ಬಿಡಿಸಲು ನೋಡಿದ ಒಗಟು, ನೋಡಿದರೆ, ಅಂಗಡಿಯ ಲೆಕ್ಕದಿಂದ ಹುಟ್ಟಿದ್ದು. ಈ ಎಟ್ಜೆಲ್ ಸಾಮಾನ್ಯನಲ್ಲ ಎಂಬುದನ್ನೂ ಹೇಳಬೇಕು. ಲೂಯಿ ನೆಪೋಲಿಯನ್ 1851ರಲ್ಲಿ ಅಧಿಕಾರವನ್ನು ಕಸಿದುಕೊಂಡಾಗ ಗಣರಾಜ್ಯದ ಪಕ್ಷ ಹಿಡಿದು ಬ್ರಸೆಲ್ಸಿನಲ್ಲಿ ದೇಶಭ್ರಷ್ಟನಾಗಿ ಬದುಕಿದವನು. ಸ್ವಾತಂತ್ರ್ಯವನ್ನು ಪ್ರೀತಿಸುವವನಿಗೂ ರಷ್ಯದ ರೂಬಲ್ಲು ಬೇಕಾಗುತ್ತದೆ.

ಐದಾರು ವರ್ಷದ ಮೇಲೆ ಒಗಟನ್ನು ಬಿಡಿಸುವ ಕಾಲ ಬಂದಾಗ ವರ್ನ್ ರಷ್ಯವನ್ನು ಬಿಟ್ಟು ಇಂಗ್ಲೆಂಡನ್ನು ಹಿಡಿದ. ರಷ್ಯಕ್ಕೆ ಅಂಜಿದ ಪ್ರಕಾಶಕ ಇಂಗ್ಲೆಂಡಿಗೆ ಅಂಜಲಿಲ್ಲ. ಆ ಕತ್ತರಿಯ ಕೆಲಸವನ್ನು ಇಂಗ್ಲೆಂಡಿನವರು ತಾವೇ ಮಾಡಿಕೊಂಡರು.

ಬುಂದೇಲಖಂಡದ ಹುಡುಗ ಟಿಪ್ಪುವಿಗೆ ಏನಾಗಬೇಕು? ಸಂಬಂಧ ವಿಚಾರಿಸದೆ ಹೊಸಬನನ್ನು ನಡುಮನೆಗೆ ಕರೆಯುವ ರೂಢಿ ನಮ್ಮಲ್ಲಿಲ್ಲ. ಫ್ರೆಂಚಿನಲ್ಲಿ ಅಣ್ಣತಮ್ಮಂದಿರ ಮಗನಿಗೂ ಅಕ್ಕತಂಗಿಯರ ಮಗನಿಗೂ ಒಂದೇ ಶಬ್ದ. ಕನ್ನಡದಲ್ಲಿ ಹಾಗೆ ಜಾರಿಕೊಳ್ಳುವಂತಿಲ್ಲ. ತಂದೆ ಬುಂದೇಲಖಂಡದ ರಾಜನಾದ್ದರಿಂದ ಸಂಬಂಧ ತಾಯಿಯ ಕಡೆಯದೇ ಆಗಬೇಕು; ಸೋದರಳಿಯನೆನ್ನೋಣ. ಡಕ್ಕಾರ್ ಮೂವತ್ತರವರೆಗೂ ಯೂರೋಪಿನಲ್ಲಿದ್ದು 1849ರಲ್ಲಿ ಊರಿಗೆ ಮರಳಿದನಂತೆ. ಅಂದರೆ ಹುಟ್ಟಿದ್ದು 1819ರ ಸುಮಾರಿಗೆ, ಟಿಪ್ಪು ಸತ್ತು ಇಪ್ಪತ್ತು ವರ್ಷದ ಮೇಲೆ. ಹೈದರಾಲಿ ತೀರಿಕೊಂಡದ್ದು 1782ರ ಡಿಸೆಂಬರಿನಲ್ಲಿ. ಹೈದರನ ಮಗಳೇ ಡಕ್ಕಾರನ ತಾಯಿಯಾದರೆ ಮಗ ಹುಟ್ಟಿದಾಗ ಆಕೆಗೆ ಕನಿಷ್ಠ ಮೂವತ್ತಾರು ವರ್ಷ. ಲೆಕ್ಕ ಹೇಗೋ ಕೂಡುತ್ತದೆ, ಆದರೆ ಮೈಸೂರಿನ ಸುಲ್ತಾನನ ಮನೆಯಿಂದ ಬುಂದೇಲಖಂಡಕ್ಕೆ ಹೆಣ್ಣು ಕೊಟ್ಟ ಮದುವೆ ಯಾವ ಚರಿತ್ರೆಯಲ್ಲೂ ನಡೆದದ್ದಲ್ಲ. ಇನ್ನು ಎರಡು ಕಾದಂಬರಿಗಳ ಇಸವಿಗಳೂ ಒಂದಕ್ಕೊಂದು ಹೊಂದುವುದಿಲ್ಲ. ಈ ವಿಷಯದಲ್ಲಿ ವರ್ನ್ ನಮ್ಮ ಪುರಾಣಿಕರ ಸಾಲಿನವನು.

ಟಿಪ್ಪುವಿನ ನಿಜವಾದ ಮಕ್ಕಳ ಕಥೆ ಬೇರೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರನ್ನು ವೆಲ್ಲೂರಿನ ಕೋಟೆಯಲ್ಲಿಟ್ಟರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ ದೂರದ ಕಲ್ಕತ್ತೆಗೆ ಸಾಗಿಸಿದರು. ಮಗ ಗುಲಾಮ್ ಮಹಮ್ಮದ್ ಅಲ್ಲಿ ವಿಶ್ರಾಂತಿವೇತನದ ಮೇಲೆ ಬಾಳಿ, 1842ರಲ್ಲಿ ತಂದೆಯ ಹೆಸರಿನಲ್ಲಿ ಮಸೀದಿಯೊಂದನ್ನು ಕಟ್ಟಿಸಿ, 1872ರಲ್ಲಿ ತೀರಿಕೊಂಡ. ಮಸೀದಿ ಈಗಲೂ ಧರ್ಮತಲಾದಲ್ಲಿದೆ. ನಿಜವಾದ ಮಗ ಕಲ್ಕತ್ತೆಯಲ್ಲಿ ಕಣ್ಣು ಮುಚ್ಚಿದ ಒಂದೆರಡು ವರ್ಷಗಳಲ್ಲೇ, ಕಾಗದದ ಮೇಲಿನ ಸೋದರಳಿಯ ಫ್ರಾನ್ಸಿನಲ್ಲಿ ಕಣ್ಣು ಬಿಟ್ಟ.

ಫ್ರೆಂಚರಿಗೆ ಟಿಪ್ಪು ಅಪರಿಚಿತನಾಗಿರಲಿಲ್ಲ. 1788ರಲ್ಲಿ ಅವನ ಮೂವರು ರಾಯಭಾರಿಗಳು ವರ್ಸೈ ಅರಮನೆಗೆ ಹೋಗಿ ಹದಿನಾರನೆಯ ಲೂಯಿಯನ್ನು ಕಂಡಿದ್ದರು. 1799ರ ಜನವರಿಯಲ್ಲಿ ನೆಪೋಲಿಯನ್ ಈಜಿಪ್ಟಿನಿಂದ ಟಿಪ್ಪುವಿಗೆ ಬರೆದ ಕಾಗದ ದಾರಿಯಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿತು. 1813ರಲ್ಲಿ ಪ್ಯಾರಿಸ್ಸಿನ ರಂಗಭೂಮಿಯ ಮೇಲೆ ಟಿಪ್ಪುವಿನ ದುರಂತ ನಾಟಕವೇ ಬಂದಿತ್ತು. ಹೊರಗಿನ ನೆರವು ಸಿಕ್ಕಿದ್ದರೆ ಎಂದು ವರ್ನ್ ಸಿಪಾಯಿಗಳ ಬಗ್ಗೆ ಬರೆದಾಗ, 1799ರಲ್ಲಿ ಬಾರದೆಹೋದ ಆ ಫ್ರೆಂಚರ ನೆರವು ನನ್ನ ಕಣ್ಣಿಗೆ ಕಟ್ಟುತ್ತದೆ. ಇನ್ನೊಂದು ಒಪ್ಪಿಗೆಯೂ ಇದೆ. ನೆಮೊ ಶತ್ರುವನ್ನು ಎದುರಿಸಿದ್ದು ಯಂತ್ರದಿಂದ, ವಿದ್ಯುತ್ತಿನಿಂದ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಹಾರಿಸುವ ಮೈಸೂರಿನ ರಾಕೆಟ್ಟುಗಳು ಶ್ರೀರಂಗಪಟ್ಟಣದ ಪತನದ ಮೇಲೆ ಇಂಗ್ಲೆಂಡಿಗೆ ಹೋಗಿ, ವೂಲಿಚ್‌ನಲ್ಲಿ ಕಾಂಗ್ರೀವನ ಕೈಯಲ್ಲಿ ಹೊಸ ರೂಪ ತಾಳಿದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳು ಬಾವಿಯೊಂದರಿಂದ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಎತ್ತಿದರು. ಆ ಸುದ್ದಿಯನ್ನು ಓದಿದ ದಿನ ನನಗೆ ಮೊದಲು ನೆನಪಾದದ್ದು ನೆಮೊವಿನ ನೌಕೆ.

ಇಂಥ ಕತ್ತರಿ ಪ್ರಯೋಗ ವರ್ನ್‌ನೊಬ್ಬನ ಮೇಲೆ ಆದದ್ದಲ್ಲ. 1726ರ 'ಗಲಿವರನ ಪ್ರವಾಸ'ವನ್ನು ಯಾರು ಓದಿಲ್ಲ? ಆದರೆ ನನ್ನಂತೆ ನೀವೂ ಲಿಲಿಪುಟ್ಟರ ನಾಡಿನಲ್ಲೇ ನಿಂತಿರಬಹುದು. ಮೂರನೆಯ ಪ್ರವಾಸದಲ್ಲಿ ಲಪೂಟ ಎಂಬ ಹಾರುವ ದ್ವೀಪವಿದೆ. ಕೆಳಗಿನ ಯಾವ ಪಟ್ಟಣವಾದರೂ ಕಂದಾಯ ಕೊಡದೆ ತಿರುಗಿ ಬಿದ್ದರೆ ರಾಜ ಆ ದ್ವೀಪವನ್ನು ತಂದು ಪಟ್ಟಣದ ನೆತ್ತಿಯ ಮೇಲೆ ನಿಲ್ಲಿಸುತ್ತಾನೆ, ಮಳೆಬಿಸಿಲನ್ನು ತಡೆಯುತ್ತಾನೆ, ಹಟ ಮಾಡಿದರೆ ದ್ವೀಪವನ್ನು ಇಳಿಸಿ ಹಿಸುಕುತ್ತಾನೆ. ಇಷ್ಟು ಅಚ್ಚಾಗಿತ್ತು. ಲಿಂಡಲಿನೊ ಎಂಬ ಪಟ್ಟಣದವರು ನಾಲ್ಕು ಗೋಪುರ ಕಟ್ಟಿ, ಅಯಸ್ಕಾಂತದ ಕಲ್ಲುಗಳನ್ನಿಟ್ಟು, ದ್ವೀಪವನ್ನೇ ಬೆದರಿಸಿ ರಾಜನನ್ನು ಮಣಿಸಿದ ಪ್ರಸಂಗ ಮಾತ್ರ ಅಚ್ಚಾಗಲಿಲ್ಲ. 'ಲಿನ್' ಎಂಬ ಅಕ್ಷರ ಹೆಸರಿನಲ್ಲಿ ಎರಡು ಸಲ ಬರುತ್ತದೆ. ಡಬಲ್ ಲಿನ್, ಡಬ್ಲಿನ್. ಐರ್ಲೆಂಡಿನವರು ಇಂಗ್ಲೆಂಡನ್ನು ಮಣಿಸಿದ ಈ ಪ್ರಸಂಗ ಪುಸ್ತಕದೊಳಗೆ ಸೇರಿ ಅಚ್ಚಾದದ್ದು 1899ರಲ್ಲಿ, ಸ್ವಿಫ್ಟ್ ಸತ್ತು ನೂರೈವತ್ತು ವರ್ಷಗಳ ಮೇಲೆ. ಅದರ ಹಿಂದಿನ ವರ್ಷ, 1898ರಲ್ಲಿ, ಎಚ್. ಜಿ. ವೆಲ್ಸ್ ಮಂಗಳಗ್ರಹದವರಿಂದ ಲಂಡನ್ನನ್ನು ಸುಡಿಸಿದ್ದ. ಆ ಪುಸ್ತಕದ ಮೊದಲ ಅಧ್ಯಾಯದಲ್ಲೇ, ಟಾಸ್ಮೇನಿಯದವರನ್ನು ನಮ್ಮವರು ಏನು ಮಾಡಿದರೆಂಬುದನ್ನು ನೆನೆದು ಆಮೇಲೆ ಮಂಗಳದವರನ್ನು ಬೈಯೋಣ ಎಂಬರ್ಥದ ಮಾತಿದೆ. ಅದನ್ನು ಯಾರೂ ಕತ್ತರಿಸಲಿಲ್ಲ. ಹೇಳಿದವನು ತಮ್ಮವನೇ, ಬಂದವರು ಬೇರೆ ಗ್ರಹದವರು, ಟಾಸ್ಮೇನಿಯ ದೂರ.

ವರ್ನ್‌ನನ್ನು ನಮ್ಮ ಪಕ್ಷದವನೆಂದು ಹೊತ್ತು ಮೆರೆಸಲು ನನಗೆ ಧೈರ್ಯವಿಲ್ಲ. 'ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ'ಯಲ್ಲಿ ಅದೇ ಬುಂದೇಲಖಂಡದ ರಾಜನೊಬ್ಬನ ವಿಧವೆಯನ್ನು ಸಹಗಮನದಿಂದ ಬಿಡಿಸುವುದು ಒಬ್ಬ ಇಂಗ್ಲಿಷ್ ಮಹನೀಯ; ಆ ಹೆಂಗಸು ಪಾರ್ಸಿಯವಳಂತೆ, ಪಾರ್ಸಿ ಹೆಣ್ಣು ಚಿತೆಯೇರುವ ಚೋದ್ಯವನ್ನು ವರ್ನ್‌ನೇ ಕಂಡಿರಬೇಕು. 1880ರಲ್ಲಿ ಇನ್ನೊಂದು ಕಾದಂಬರಿ ಬರೆದ. ಉಗಿಯಿಂದ ನಡೆಯುವ ಕಬ್ಬಿಣದ ಆನೆಯೊಂದು ಮನೆಗಳನ್ನೆಳೆದುಕೊಂಡು ಉತ್ತರ ಹಿಂದೂಸ್ಥಾನವನ್ನು ಸುತ್ತುತ್ತದೆ. ಆನೆ ಬಹಳ ಚೆನ್ನಾಗಿದೆ. ಅದರಲ್ಲಿ ನಾನಾ ಸಾಹೇಬ ರಾಕ್ಷಸ. ನೆಮೊವಿನ ಮರಣಶಯ್ಯೆಯಲ್ಲೂ, ಮೂಲ ಫ್ರೆಂಚಿನಲ್ಲೇ, ಎಂಜಿನಿಯರ್ ಸ್ಮಿತ್ ಸಾಯುತ್ತಿರುವವನಿಗೆ ತೀರ್ಪು ಹೇಳುತ್ತಾನೆ: ಸತ್ತ ಕಾಲವನ್ನು ಬದುಕಿಸಬಹುದೆಂದು ತಿಳಿದದ್ದೇ ನಿನ್ನ ತಪ್ಪು, ನೀನು ಕಾದಿದ್ದು ತಡೆಯಲಾಗದ ಪ್ರಗತಿಯ ವಿರುದ್ಧ, ಎಂಬ ಧಾಟಿಯಲ್ಲಿ. ಹೊಸ ಅನುವಾದದಲ್ಲಿ ಈ ಮಾತನ್ನು ಓದಿದಾಗ ನನಗೆ ಸಿಟ್ಟು ಬಂತು. ಒಂದೇ ಗೋಧಿಯ ಕಾಳಿನಿಂದ ಹೊಲ ಮಾಡಿದವನು ಇಂಥ ಮಾತಾಡಬಾರದಿತ್ತು. ಇದಕ್ಕೆ ಯಾವ ಕತ್ತರಿಯನ್ನೂ ದೂರುವಂತಿಲ್ಲ. ವರ್ನ್‌ನ ಮನಸ್ಸಿನಲ್ಲೇ ಎರಡು ಕಡೆಯ ವಕೀಲರಿದ್ದರು.

ಕೊನೆಯ ಒಂದು ಕತ್ತರಿ ಬಾಕಿಯಿದೆ. ಅಚ್ಚಾದ ಪುಸ್ತಕದಲ್ಲಿ ನೆಮೊ ಪ್ರಾಣ ಬಿಡುವುದು ದೇವರನ್ನೂ ತಾಯ್ನಾಡನ್ನೂ ಹೆಸರಿಸಿ. ವರ್ನ್‌ನ ಹಸ್ತಪ್ರತಿಯಲ್ಲಿ ಅವನ ಬಾಯಲ್ಲಿದ್ದದ್ದು ಒಂದೇ ಶಬ್ದ, ಸ್ವಾತಂತ್ರ್ಯ. ಎಟ್ಜೆಲ್ ಅದನ್ನು ಬದಲಿಸಿದ. ಈ ಸಂಗತಿ ನನಗೆ ತಿಳಿದದ್ದು ಇನ್ನೂ ಈಚೆಗೆ.

2003ರ ಒಂದು ಚಿತ್ರದಲ್ಲಿ ನಮ್ಮ ನಾಸಿರುದ್ದೀನ್ ಷಾ ನೆಮೊ ಆಗಿದ್ದಾರೆ, ರುಮಾಲು ಗಡ್ಡಗಳೊಂದಿಗೆ. ಚಿತ್ರ ಅಷ್ಟಕ್ಕಷ್ಟೆ. ಮೊಮ್ಮಗನೊಡನೆ ಮನೆಯಲ್ಲಿ ಕೂತು ನೋಡಿದೆ. "ತಾತ, ಇವನು ಇಂಡಿಯಾದವನಾ?" ಎಂದು ಹುಡುಗ ಕೇಳಿದ. ಹೌದು, ಟಿಪ್ಪುವಿನ ಸೋದರಳಿಯ ಎಂದೆ. ಅವನು ನಂಬಲಿಲ್ಲ. ಬೀರುವಿನಿಂದ ಎರಡು ಪುಸ್ತಕಗಳನ್ನೂ ತೆಗೆದು ತೋರಿಸಬೇಕಾಯಿತು. ಅವನು ಹೊಸದನ್ನು ಎತ್ತಿಕೊಂಡು ಓದಲು ಹೋದ. ಹಳೆಯದು ನನ್ನ ಕೈಯಲ್ಲೇ ಉಳಿಯಿತು. ಹಾಳೆಗಳು ಹಪ್ಪಳದಂತೆ ಮುರಿಯುತ್ತವೆ. ಮಾವನ ನೀಲಿ ಪೆನ್ಸಿಲಿನ ಗುರುತು ಮಾಸಿದೆ, ಆದರೆ ಕಾಣುತ್ತದೆ. ಅದರ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ, ನಾನೂ ಪೆನ್ಸಿಲಿನಿಂದಲೇ 'ಟಿಪ್ಪು' ಎಂದು ಬರೆದು ಪುಸ್ತಕವನ್ನು ಒಳಗಿಟ್ಟೆ.